ಆಡ್ಲಿನ್ ಪಡಸಾಲೆಯ ಕೆಳಗಿನ ಒಣ ಜಾಗ

ಫುಲ್ಕ್ ಆಡ್ಲಿನ್ ನಾರ್ಮನ್ ದೊರೆಯ ದಂಡಿನ ಬಾಲ ಹಿಡಿದು ಸಮುದ್ರ ದಾಟಿ ಬಂದವನು. ಹೊಳೆಯ ಈಚೆ ದಡದಲ್ಲಿ ಅವನಿಗೆ ಒಂಬತ್ತು ನೇಗಿಲಿನ ಭೂಮಿ ಸಿಕ್ಕಿತು. ಅಲ್ಲಿದ್ದ ಇಪ್ಪತ್ತು ಮನೆಗಳಲ್ಲಿ ಹನ್ನೊಂದನ್ನು ಸುಟ್ಟ, ಉಳಿದವರನ್ನು ಆಳಾಗಿ ಇಟ್ಟುಕೊಂಡ. ಫುಲ್ಕನ ಮಗ ರೇನಾಲ್ಡ್ ಒಬ್ಬ ಸನ್ಯಾಸಿಯನ್ನು ಗಿರಣಿಯ ಕೊಳದಲ್ಲಿ ಅದ್ದಿ ಕೊಂದ. ಆ ಪಾಪ ಕಳೆಯಲು ನಮ್ಮ ಊರಿನ ಚರ್ಚು ಕಟ್ಟಿಸಿದ. ರೇನಾಲ್ಡನ ಮರಿಮಗ ಹ್ಯೂ, ಗಡಿಯಾಚೆಯ ವೇಲ್ಸ್ ಜನರ ದನ ಹೊಡೆದುಕೊಂಡು ಬರಲು ಹೋಗಿ ತಲೆ ಅಲ್ಲೇ ಬಿಟ್ಟು ಬಂದ. ಹ್ಯೂನ ಮೊಮ್ಮಗನ ಮೊಮ್ಮಗ ವಿಲಿಯಂ, ದೊಡ್ಡ ಪಿಡುಗಿನ ಮರುವರ್ಷ ಹುಟ್ಟಿದವನು, ಸತ್ತವರ ಹೊಲಗಳನ್ನೆಲ್ಲ ಒಂದೊಂದಾಗಿ ನುಂಗಿದ. ನುಂಗಿದ್ದು ಅರಗಿದ ಮೇಲೆ ಚರ್ಚಿನ ದಕ್ಷಿಣ ಗೋಡೆಗೆ ಆತುಕೊಂಡಂತೆ ಒಂದು ಪಡಸಾಲೆ, ಅದರ ಕೆಳಗೆ ಕಲ್ಲಿನ ನೆಲಮಾಳಿಗೆ ಕಟ್ಟಿಸಿ ಸತ್ತ ಮೇಲೆ ಅದರಲ್ಲಿ ತಾನೇ ಮೊದಲು ಮಲಗಿದ. ವಿಲಿಯಂನ ಮೊಮ್ಮಗ ಥಾಮಸ್ ಮನೆ, ಗಿರಣಿ, ಪಾರಿವಾಳದ ಗೂಡು ಎಲ್ಲ ಮಾರಿ ಪಟ್ಟಣ ಸೇರಿದ. ಥಾಮಸನ ತಮ್ಮ ರೋಜರ್ ಊರಲ್ಲೇ ಉಳಿದು, ಅಣ್ಣ ಮಾರಿದ ಗಿರಣಿಯಲ್ಲೇ ಕೂಲಿಗೆ ನಿಂತ. ರೋಜರನ ಸಂತಾನದಲ್ಲಿ ಒಬ್ಬ ಕುರಿ ಕದ್ದು ನೇಣಿಗೇರಿದ, ಒಬ್ಬ ಮಾತು ಬಾರದವನು, ಇಬ್ಬರು ಗುಡ್ಡದ ಮೇಲೆ ಸುಣ್ಣದ ಗೂಡು ಕುಸಿದು ಸತ್ತರು. ಕೊನೆಗೆ ಜೋಬ್, ಬೇಲಿ ಕಟ್ಟುವವನು, ಕಂದಕ ತೋಡುವವನು. ಜೋಬನ ಮಗ, ಅದೇ ಕಸುಬಿನವನು, ಈನಕ್.

ಇಷ್ಟನ್ನೂ ಈನಕ್ ಆಡ್ಲಿನ್ ಮಚ್ಚು ಮಸೆಯುತ್ತ ಒಂದೇ ಉಸಿರಿನಲ್ಲಿ ಹೇಳಬಲ್ಲವನಾಗಿದ್ದ. ಒಂದು ಹೆಸರನ್ನು ಮುಂದೆ ಮಾಡುತ್ತಿರಲಿಲ್ಲ, ಒಂದನ್ನು ಹಿಂದೆ ಮಾಡುತ್ತಿರಲಿಲ್ಲ. ನೇಣಿಗೇರಿದವನನ್ನೂ ಬಿಡುತ್ತಿರಲಿಲ್ಲ.

ನಾನು ಈ ಸ್ಟೋಕ್ ಆಡ್ಲಿನ್ ಊರಿನ ಬಡಗಿ. ಗಾಡಿಯ ಚಕ್ರವೂ ನನ್ನದೇ, ಶವದ ಪೆಟ್ಟಿಗೆಯೂ ನನ್ನದೇ. ಹಾಗಾಗಿ ಈ ಊರಲ್ಲಿ ಯಾರು ಎಷ್ಟು ಉದ್ದ ಎಂಬುದು ನನಗೆ ಗೊತ್ತು. ಈನಕನ ಕಥೆ ನನಗೆ ಗೊತ್ತಿರುವುದೂ ಪೆಟ್ಟಿಗೆಯಿಂದಲೇ.

ಮಹಾಯುದ್ಧ ಮುಗಿದ ಎರಡನೇ ಚಳಿಗಾಲ ಗಂಟಲಮಾರಿ ಬಂತು. ಈನಕ್ ಮತ್ತು ಅವನ ಹೆಂಡತಿ ಕೆಜಾಯಾಳಿಗೆ ಇದ್ದವಳು ಒಬ್ಬಳೇ ಮಗಳು, ಫೀಬಿ. ಒಂಬತ್ತು ವರ್ಷ. ನಾನು ಅವಳಿಗೆ ಎಲ್ಮ್ ಹಲಗೆಯಲ್ಲಿ ಪೆಟ್ಟಿಗೆ ಮಾಡಿದೆ. ಬಡವರ ಗೋರಿಗಳೆಲ್ಲ ಚರ್ಚಿನ ಉತ್ತರಕ್ಕೆ, ನೆರಳಿನ ಕಡೆಗೆ. ಅಲ್ಲಿ ಜೇಡಿ ಮಣ್ಣು. ಬೆಳಗ್ಗೆ ತೋಡಿದ ಗುಂಡಿಯಲ್ಲಿ ಮಧ್ಯಾಹ್ನಕ್ಕೆ ಮೊಣಕಾಲುದ್ದ ನೀರು ನಿಂತಿರುತ್ತಿತ್ತು. ಊರಿನವರಿಗೆ ಅದು ಹೊಸದಲ್ಲ. ಪೆಟ್ಟಿಗೆ ಇಳಿಸಿದೆವು. ಹಗುರ ಮಗು, ಒಣ ಹಲಗೆ. ಪೆಟ್ಟಿಗೆ ಕೆಳಗೆ ಕೂರಲಿಲ್ಲ, ತೇಲಿತು. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಮೆಲ್ಲಗೆ ತಿರುಗಿತು. ಗೋರಿ ತೋಡುವವನು ಉದ್ದ ಕೋಲು ತಂದು ಅದನ್ನು ಒತ್ತಿ ಹಿಡಿದ, ಇನ್ನೊಬ್ಬ ಮೇಲಿನಿಂದ ಮಣ್ಣು ಎಳೆದ. ನೀರು ಗುಳಗುಳ ಎನ್ನುತ್ತ ಒಳಗೆ ಹೋಯಿತು. ಕೆಜಾಯಾ ಆ ಸದ್ದನ್ನು ಕೊನೆಯ ತನಕ ನಿಂತು ಕೇಳಿದಳು.

ಮನೆಗೆ ಹೋಗುವ ದಾರಿಯಲ್ಲಿ ಅವಳು ಅಳಲಿಲ್ಲ. ಗಂಡನ ತೋಳು ಹಿಡಿದು ಹೇಳಿದಳು:

"ನನ್ನನ್ನ ನೀರಿಗೆ ಹಾಕ್ಬೇಡ ಈನಕ್. ಎಲ್ಲಾದ್ರೂ ಹಾಕು. ರಸ್ತೆ ಬದಿಗೆ ಹಾಕು. ನೀರಿಗೆ ಮಾತ್ರ ಬೇಡ."

"ಹಾಕಲ್ಲ."

"ಮಾತು ಕೊಡು."

"ಕೊಟ್ಟೆ ಕಣೇ."

ಕೊಟ್ಟ ಮಾತು ನಡೆಸಲು ಊರಲ್ಲಿ ಒಣ ಜಾಗ ಒಂದೇ ಇತ್ತು: ವಿಲಿಯಂ ಆಡ್ಲಿನ್ ಕಟ್ಟಿಸಿದ ನೆಲಮಾಳಿಗೆ. ಚರ್ಚಿನ ದಕ್ಷಿಣ ಭಾಗ ಬಂಡೆಯ ಮೇಲಿದೆ. ಐನೂರು ವರ್ಷ ದಾಟಿದರೂ ಅಲ್ಲಿ ಪಾಚಿ ಹಿಡಿದಿಲ್ಲ. ಚರ್ಚಿನೊಳಗೆ ಹೂಳುವುದನ್ನು ಸರ್ಕಾರ ನಮ್ಮ ಅಜ್ಜಂದಿರ ಕಾಲದಲ್ಲೇ ನಿಲ್ಲಿಸಿತ್ತು. ಹಕ್ಕಿದ್ದ ಮನೆತನದ ನೆಲಮಾಳಿಗೆಗೆ ಮಾತ್ರ ವಿನಾಯಿತಿ. ಪಡಸಾಲೆಯ ಗೋಡೆಯಲ್ಲಿ ಹಿತ್ತಾಳೆಯ ಫಲಕವಿದೆ: "ವಿಲಿಯಂ ಆಡ್ಲಿನ್, ಅವನ ರಕ್ತದಿಂದ ಹುಟ್ಟಿದವರು ಮತ್ತು ಅವರ ಹೆಂಡಂದಿರು ಇಲ್ಲಿ ಮಲಗಲಿ, ಬೇರೆ ಯಾರೂ ಬೇಡ." ಲ್ಯಾಟಿನ್ನಿನಲ್ಲಿದ್ದರೂ ಅದರ ಅರ್ಥ ಊರಿನ ಮಕ್ಕಳಿಗೂ ಬಾಯಿಪಾಠ. ಆಡ್ಲಿನ್ ಎಂಬ ಹೆಸರಿನವರಲ್ಲಿ ಊರಲ್ಲಿ ಉಳಿದಿದ್ದವನು ಈನಕ್ ಒಬ್ಬನೇ.

ಅವನು ಪಾದ್ರಿ ಲಿಡಿಯೆಟ್ಟರ ಹತ್ತಿರ ಹೋದ. ಪಾದ್ರಿಗಳು ಒಳ್ಳೆಯವರು, ಕಿವಿ ಸ್ವಲ್ಪ ಮಂದ.

"ಹೆಸರಿದ್ರೆ ಸಾಲ್ದು ಈನಕ್. ಊರಿನ ಹೆಸರನ್ನ ಯಾರು ಬೇಕಾದ್ರೂ ಇಟ್ಕೋಬಹುದು. ರಕ್ತ ತೋರಿಸ್ಬೇಕು. ಬಿಷಪ್ಪರ ನ್ಯಾಯಾಲಯದಲ್ಲಿ ಕೂತೋರು ಕಾಗದ ಕೇಳ್ತಾರೆ, ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ."

"ಎಷ್ಟು ತಲೆ ತೋರಿಸ್ಬೇಕು ಸ್ವಾಮಿ?"

"ವಿಲಿಯಂ ತನಕ. ಹದಿನಾರೋ ಹದಿನೇಳೋ."

"ಬೇಲಿ ಕಟ್ಟೋನಿಗೆ ಅಷ್ಟು ಉದ್ದ ಅಂದ್ರೆ ಒಂದು ಚಳಿಗಾಲದ ಕೆಲಸ," ಎಂದ ಈನಕ್.

ಹನ್ನೊಂದು ಚಳಿಗಾಲ ಹಿಡಿಯಿತು.

ಅವನ ಬೇಲಿಯ ಕೆಲಸ ನೋಡಿದವರಿಗೆ ಅವನ ಹಟ ಅರ್ಥವಾಗುತ್ತದೆ. ಮುಳ್ಳುಗಿಡದ ಕಾಂಡವನ್ನು ಬುಡದಲ್ಲಿ ಓರೆಯಾಗಿ ಕಡಿಯಬೇಕು. ಪೂರ್ತಿ ಕಡಿದರೆ ಸತ್ತಿತು, ಕಡಿಮೆ ಕಡಿದರೆ ಬಾಗದೆ ಮುರಿಯಿತು. ನಾಲಿಗೆಯಷ್ಟು ತೊಗಟೆ ಉಳಿಸಿ, ಮಲಗಿಸಿ, ಗೂಟಗಳ ನಡುವೆ ಹೆಣೆದರೆ ಆ ನಾಲಿಗೆಯ ಮೂಲಕವೇ ರಸ ಹರಿದು ಮುಂದಿನ ವಸಂತಕ್ಕೆ ಇಡೀ ಬೇಲಿ ಚಿಗುರುತ್ತದೆ. ಈನಕ್ ಕಟ್ಟಿದ ಬೇಲಿಯಲ್ಲಿ ಕುರಿಯಲ್ಲ, ಮೊಲವೂ ತೂರುತ್ತಿರಲಿಲ್ಲ. ವಂಶವನ್ನೂ ಅವನು ಹಾಗೆಯೇ ಹೆಣೆಯಲು ಕೂತ.

ಮೊದಲ ಒಂಬತ್ತು ತಲೆ ಚರ್ಚಿನ ದಾಖಲೆ ಪುಸ್ತಕದಲ್ಲೇ ಸಿಕ್ಕವು. ಅದಕ್ಕಿಂತ ಹಿಂದಿನದು ಬೇಕಾದರೆ ದೊಡ್ಡ ಮನೆಗೆ ಹೋಗಬೇಕಿತ್ತು. ಆಡ್ಲಿನ್ನರ ದೊಡ್ಡ ಮನೆ ಐದಾರು ಕೈ ದಾಟಿ ಆಗ ಮಿಸೆಸ್ ಪಾಜೆಟ್ ಎಂಬವರದಾಗಿತ್ತು. ಅವರ ಮಾವ ಸಾಬೂನು ಮಾಡಿ ದೊಡ್ಡವರಾದವರು. ಅಲ್ಲಿನ ಓಕ್ ಪೆಟಾರಿಯಲ್ಲಿ ಹಳೆಯ ಊರ ಪಂಚಾಯಿತಿಯ ಚರ್ಮದ ಸುರುಳಿಗಳಿದ್ದವು. ಈನಕ್ ಒಂದು ಒಪ್ಪಂದ ಮಾಡಿಕೊಂಡ: ಶನಿವಾರ ಅವರ ಬೇಲಿ ಕಟ್ಟುವುದು, ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಸುರುಳಿ ಓದುವುದು. ಲ್ಯಾಟಿನ್ ಕಲಿಸಿದವರು ಪಾದ್ರಿಗಳು. ಐವತ್ತು ದಾಟಿದ ಆಳು, ಮುಳ್ಳು ಚುಚ್ಚಿ ದಪ್ಪಗಾದ ಬೆರಳಿನಲ್ಲಿ ಪೆನ್ಸಿಲ್ ಹಿಡಿದು ಅಕ್ಷರ ತಿದ್ದುತ್ತಿದ್ದ. ಯಾವ ಪಂಡಿತನ ಮಗನೂ ಹಾಗೆ ಕಲಿತದ್ದನ್ನು ನಾನು ಕಾಣೆ.

ಸೈಡರ್ ಎಂಬ ಸೇಬಿನ ಹೆಂಡ ಕುಡಿಯುವ ಕಟ್ಟೆಯಲ್ಲಿ ಜನ ಆಡಿಕೊಂಡರು.

"ಬಂದ್ರಪ್ಪ ಆಡ್ಲಿನ್ ದೊರೆ! ಎದ್ದು ನಿಲ್ರೋ!"

"ದೊರೆಗಳೇ, ನಿಮ್ಮಜ್ಜ ಫುಲ್ಕ ನಮ್ಮಜ್ಜನ ಮನೆ ಸುಟ್ಟಿದ್ದ. ಇವತ್ತಿನ ಸೈಡರ್ ನಿಮ್ಮ ಲೆಕ್ಕಕ್ಕೆ!"

ಈನಕ್ ನಗುತ್ತಿರಲಿಲ್ಲ, ಸಿಟ್ಟೂ ಮಾಡುತ್ತಿರಲಿಲ್ಲ. "ನಿಮ್ಮಜ್ಜನ ಹೆಸರೂ ಸುರುಳಿಲಿ ಐತೆ ಕಣಯ್ಯಾ. ಪಕ್ಕದ ಮನೆ ಹಂದಿ ಕದ್ದಿದ್ದಕ್ಕೆ," ಎಂದು ಕುಡಿದು ಎದ್ದುಹೋಗುತ್ತಿದ್ದ.

ಒಂದು ಮಧ್ಯಾಹ್ನ ಅವನು ನನ್ನ ಕೆಲಸದ ಕೊಟ್ಟಿಗೆಗೆ ಬಂದು ಚಕ್ರದ ಮೇಲೆ ಕೂತ. ರೊಟ್ಟಿ, ಈರುಳ್ಳಿ ಬಿಚ್ಚಿದ. ಜೇಬಿನಿಂದ ಒಂದು ಕಾಗದ ತೆಗೆದ.

"ಜೆತ್ರೋ, ವಿಲಿಯಂ ಸಿಕ್ಕಿದ. ಅವನು ಯಾವತ್ತು ಹುಟ್ಟಿದ ಅನ್ನೋದಕ್ಕೆ ಸಾಕ್ಷಿ."

ಹಿಂದೆ ಒಂದು ಪದ್ಧತಿ ಇತ್ತಂತೆ. ಅಪ್ಪ ಸತ್ತ ಹುಡುಗನ ಭೂಮಿ ದೊರೆಯ ವಶದಲ್ಲಿರುತ್ತಿತ್ತು. ಅವನಿಗೆ ಇಪ್ಪತ್ತೊಂದು ತುಂಬಿತೆಂದು ಹನ್ನೆರಡು ಜನ ಊರವರು ಆಣೆ ಮಾಡಿ ಹೇಳಿದರೆ ಮಾತ್ರ ಬಿಡುತ್ತಿದ್ದರು. ಹುಟ್ಟಿದ ದಿನ ಬರೆದಿಡುವ ಕಾಲವಲ್ಲ ಅದು. ಹಾಗಾಗಿ ಪ್ರತಿಯೊಬ್ಬನೂ ತನಗೆ ಆ ದಿನ ಯಾಕೆ ನೆನಪಿದೆ ಎಂದು ಹೇಳಬೇಕಿತ್ತು. ಈನಕ್ ಓದಿದ. ಒಬ್ಬನಿಗೆ ಆ ದಿನ ಏಣಿಯಿಂದ ಬಿದ್ದು ಕಾಲು ಮುರಿದಿತ್ತು. ಒಬ್ಬನ ಕುದುರೆ ಕಳುವಾಗಿತ್ತು. ಹನ್ನೆರಡನೆಯವನು ಬೇಲಿಯ ಕೆಲಸದ ಆಡಮ್.

"'ಆಡಮ್, ವಯಸ್ಸು ಐವತ್ತಕ್ಕೆ ಮೇಲೆ, ಆಣೆ ಮಾಡಿ ಹೇಳಿದ್ದೇನೆಂದರೆ, ವಿಲಿಯಂಗೆ ಹೆಸರಿಟ್ಟ ದಿನವೇ ತನ್ನ ಮಗಳು ಆಲಿಸಳನ್ನು ಚರ್ಚಿನ ಉತ್ತರಕ್ಕೆ ಹೂಳಿದನು, ಗುಂಡಿಯಲ್ಲಿ ನೀರಿದ್ದು, ತಾನೇ ಇಳಿದು ನಿಂತು ಅವಳನ್ನು ಕೈಯಾರೆ ಹಿಡಿದುಕೊಂಡನು, ಆದ್ದರಿಂದ ಚೆನ್ನಾಗಿ ನೆನಪಿದೆ.'"

ನನ್ನ ಕೈಯ ಉಳಿ ನಿಂತುಹೋಯಿತು. ಈನಕ್ ಮಾತ್ರ ಕಾಗದ ಮಡಚುತ್ತ, ಕಣ್ಣು ಹೊಳೆಯಿಸುತ್ತ ಹೇಳಿದ: "ನೋಡಿದ್ಯಾ? ಹನ್ನೆರಡೂ ಜನ ಒಂದೇ ದಿನ ಹೇಳ್ತಾರೆ. ಇನ್ನು ಯಾರೂ ಅಲ್ಲಾಡಿಸೋಕಾಗಲ್ಲ. ವಿಲಿಯಂ ಗಟ್ಟಿ."

ಆಡಮನ ಮಾತು ಅವನಿಗೆ ವಿಲಿಯಂನ ವಯಸ್ಸು ಹೇಳಿತು. ಇನ್ನೇನನ್ನೂ ಹೇಳಲಿಲ್ಲ.

ಉಳಿದದ್ದು ಒಂದೇ ಕೊಂಡಿ: ಗಿರಣಿಯ ಕೂಲಿ ರೋಜರ್, ಮನೆ ಮಾರಿದ ಥಾಮಸನ ತಮ್ಮ ಹೌದೋ ಅಲ್ಲವೋ. ಅದಕ್ಕೆ ನಾಲ್ಕು ವರ್ಷ ಹೋಯಿತು. ಆ ಹೊತ್ತಿಗೆ ಕೆಜಾಯಾಳ ಎದೆ ಕಟ್ಟತೊಡಗಿತ್ತು. ಭಾನುವಾರಗಳಂದು ಅವಳ ಕೆಮ್ಮು ನಮ್ಮ ಮನೆಗೆ ಕೇಳಿಸುತ್ತಿತ್ತು. ಗಂಡ ದೊಡ್ಡ ಮನೆಯಲ್ಲಿ ಸುರುಳಿ ಬಿಚ್ಚುತ್ತಿರುತ್ತಿದ್ದ. ನನ್ನ ಹೆಂಡತಿ ಸಾರು ತೆಗೆದುಕೊಂಡು ಹೋದರೆ ಅವಳು ನಗುತ್ತ ಹೇಳುತ್ತಿದ್ದಳು: "ನಮ್ಮೋನು ನನಗೆ ಹಾಸಿಗೆ ಹುಡುಕೋಕೆ ಹೋಗವ್ನೆ ಕಣಕ್ಕಾ. ಆರು ನೂರು ವರ್ಷ ಹಿಂದಕ್ಕೆ ಹೋಗವ್ನೆ, ಊಟದೊತ್ತಿಗೆ ಬರ್ತಾನೆ."

ಕೊನೆಗೆ ಪೆಟಾರಿಯ ತಳದಲ್ಲಿ ಥಾಮಸ್ ಮನೆ ಮಾರಿದ ಪತ್ರವೇ ಸಿಕ್ಕಿತು. ಸಾಕ್ಷಿಗಳ ಸಾಲಿನಲ್ಲಿ ಸ್ಪಷ್ಟವಾಗಿ: "ಮೇಲೆ ಹೇಳಿದ ಥಾಮಸನ ತಮ್ಮ ರೋಜರ್ ಆಡ್ಲಿನ್, ಗಿರಣಿಯವನು." ಅವತ್ತು ಈನಕ್ ಮಳೆಯಲ್ಲಿ ತಲೆಗೆ ಟೋಪಿ ಇಲ್ಲದೆ ಓಡಿ ಬಂದ. ಹೆಂಡತಿಯ ಮಂಚದ ಪಕ್ಕ ಮಂಡಿಯೂರಿ ಆ ಸಾಲನ್ನು ಮೂರು ಸಲ ಓದಿದನಂತೆ.

ಪಾದ್ರಿಗಳು ಅರ್ಜಿ ಬರೆದುಕೊಟ್ಟರು. ವಸಂತದಲ್ಲಿ ಬಿಷಪ್ಪರ ಊರಿನಲ್ಲಿ ವಿಚಾರಣೆ. ನಾನೂ ಜೊತೆಗೆ ಹೋದೆ. ನ್ಯಾಯಾಧೀಶರು ಬಿಳಿ ಹುಬ್ಬಿನ ನಿಧಾನದ ಮನುಷ್ಯ. ಈನಕ್ ಮದುವೆಯ ಕೋಟು ಹಾಕಿಕೊಂಡು ನಿಂತು ಹದಿನೇಳು ತಲೆಯನ್ನೂ ಹೇಳಿದ, ಒಂದೊಂದಕ್ಕೂ ಕಾಗದ ಇಟ್ಟ. ನ್ಯಾಯಾಧೀಶರು ಕನ್ನಡಕ ತೆಗೆದು ಅವನನ್ನೇ ನೋಡಿದರು.

"ನಲವತ್ತು ವರ್ಷದಲ್ಲಿ ಇಷ್ಟು ಅಚ್ಚುಕಟ್ಟಾದ ವಂಶಾವಳಿ ನನ್ನ ಮುಂದೆ ಬಂದಿಲ್ಲ. ನೀವು ವಿಲಿಯಂ ಆಡ್ಲಿನ್‌ನ ರಕ್ತ. ಅದರಲ್ಲಿ ಅನುಮಾನ ಇಲ್ಲ."

ನಾನು ಈನಕನ ಬೆನ್ನು ತಟ್ಟಿದೆ. ನ್ಯಾಯಾಧೀಶರ ಮಾತು ಮುಗಿದಿರಲಿಲ್ಲ.

"ಆದರೆ ಪಡಸಾಲೆ ಯಾರದು ಅಂತ ರಕ್ತ ಹೇಳುವುದಿಲ್ಲ ಮಿಸ್ಟರ್ ಆಡ್ಲಿನ್. ಅದು ಮನೆಯ ಜೊತೆ ಹೋಗುತ್ತದೆ. ಹಿತ್ತಾಳೆಯ ಮೇಲೆ ಇರುವುದು ಸತ್ತವನೊಬ್ಬನ ಆಸೆ, ಕಾನೂನಲ್ಲ." ಅವರು ಈನಕನೇ ನಕಲು ಮಾಡಿದ ಹಾಳೆಯನ್ನು ಎತ್ತಿಕೊಂಡರು. "ನೀವೇ ತಂದ ಪತ್ರ. ನಿಮ್ಮದೇ ಅಕ್ಷರ. ಥಾಮಸ್ ಮಾರಿದ್ದು ಏನೇನು ಅಂತ ನೀವೇ ಓದಿ."

ಈನಕ್ ಓದಿದ. ದನಿ ಕೊನೆಕೊನೆಗೆ ನನಗೂ ಕೇಳಿಸಲಿಲ್ಲ. "ಮನೆ, ಗಿರಣಿ, ಪಾರಿವಾಳದ ಗೂಡು, ಮತ್ತು ಚರ್ಚಿನ ದಕ್ಷಿಣದ ಪಡಸಾಲೆ, ಅದರ ಕೆಳಗಿನ ನೆಲಮಾಳಿಗೆ ಸಹಿತ, ಮನೆಯಲ್ಲಿ ಇರುವವರಿಗೆ ಎಂದೆಂದಿಗೂ."

ಮಿಸೆಸ್ ಪಾಜೆಟ್ ಪರವಾಗಿ ಯಾವ ವಕೀಲನೂ ಬಂದಿರಲಿಲ್ಲ. ಬೇಕಾಗಲೂ ಇಲ್ಲ.

ಬಸ್ಸಿನಲ್ಲಿ ಬರುವಾಗ ಕೇಳಿದೆ: "ಆ ಸಾಲು ನೀನು ನೋಡಿರ್ಲಿಲ್ವಾ ಮಾರಾಯ?"

"ನೂರು ಸಲ ನೋಡಿದೀನಿ. ನಾನೇ ಬರೆದದ್ದಲ್ವಾ? ರೋಜರ್ ಹೆಸರು ಸಿಕ್ಕಿದ ಮೇಲೆ ಬೇರೆ ಏನೂ ಕಣ್ಣಿಗೆ ಬೀಳ್ಲಿಲ್ಲ." ಕಿಟಕಿಯಾಚೆಯ ಬೇಲಿಗಳನ್ನು ನೋಡಿದ. "ಆ ಕಾಗದ ಇಡದಿದ್ರೆ ನಾನು ಆಡ್ಲಿನ್ ಅಲ್ಲ. ಇಟ್ರೆ ಪಡಸಾಲೆ ನನ್ನದಲ್ಲ."

ಮನೆಯಲ್ಲಿ ಕೆಜಾಯಾ ದಿಂಬಿಗೆ ಒರಗಿ ಕೂತಿದ್ದಳು. ನಾನು ಬಾಗಿಲಲ್ಲೇ ನಿಂತೆ. ಗಂಡ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಕೆಮ್ಮು ಅಡಗುವ ತನಕ ಕಾದು, ಹೇಳಿದಳು:

"ನಿನ್ನ ನಾರ್ಮನ್ ಜನದ ಮಧ್ಯೆ ಮಲಗ್ಬೇಕು ಅಂತ ನಾನು ಯಾವತ್ತು ಕೇಳಿದ್ದೆ ಮುದುಕಾ? ಒಣಗಿರ್ಲಿ ಅಂದೆ, ಅಷ್ಟೆ. ನೀನು ಕಂದಕ ತೋಡೋನಲ್ವಾ?"

ಈನಕ್ ಕೈಯಲ್ಲಿದ್ದ ಕಾಗದದ ಕಟ್ಟನ್ನು ಕೆಳಗಿಟ್ಟ.

"ಮೂರು ಊರಿನ ಹೊಲದ ನೀರು ಬಸಿದೋನು ನೀನು. ಚರ್ಚಿನ ಗೋಡೆಯಾಚೆ ಒಂದು ಬಸಿಗಾಲುವೆ ತೋಡಿದ್ರೆ ಆಗ್ತಿತ್ತು. ನಾನು ಅಂದ್ಕೊಂಡಿದ್ದೆ, ನಿನಗೆ ಗೊತ್ತಿರುತ್ತೆ, ಏನೋ ಕಾರಣ ಇರುತ್ತೆ ಅಂತ." ಅವಳು ಕಣ್ಣು ಮುಚ್ಚಿಕೊಂಡಳು. "ಈಗ ಎಲ್ಲೂ ಬೇಡ. ಫೀಬಿ ಪಕ್ಕಕ್ಕೆ ಹಾಕು. ಹನ್ನೊಂದು ವರ್ಷದಿಂದ ಮಗು ಒಂಟಿಯಾಗಿ ಮಲಗಿದೆ. ನೀರಿದ್ರೆ ಇರ್ಲಿ."

ನನಗೆ ಯಾಕೆ ಹೊಳೆಯಲಿಲ್ಲ? ಪಾದ್ರಿಗಳಿಗೆ ಯಾಕೆ ಹೊಳೆಯಲಿಲ್ಲ? ಉತ್ತರದ ಕಡೆ ನೀರು ನಿಲ್ಲುತ್ತದೆ ಎಂಬುದು ನಮಗೆ ಉತ್ತರದ ಕಡೆ ನೆರಳಿರುತ್ತದೆ ಎಂಬಷ್ಟೇ ಸಹಜವಾಗಿತ್ತು. ಆಡಮನ ಕಾಲದಿಂದ ನೀರಿನಲ್ಲಿ ಹೂಳುತ್ತ ಬಂದ ಜನ ನಾವು.

ಮಾರನೆಯ ಬೆಳಗ್ಗೆ ಈನಕ್ ಸಲಿಕೆ ಹಿಡಿದು ಹೊರಟ. ಗೋಡೆಯಾಚೆ ಪಾದ್ರಿಗಳ ಹುಲ್ಲುಗಾವಲು, ಅದು ಇಳಿಜಾರಾಗಿ ಹಳ್ಳಕ್ಕೆ ಹೋಗುತ್ತದೆ. ಎಂಬತ್ತು ಗಜ. ಹಳ್ಳದ ತುದಿಯಲ್ಲಿ ಎರಡು ಅಡಿ ಆಳ ಸಾಕು. ಗೋಡೆಯ ಹತ್ತಿರ ಬಂದಂತೆ ಗೋರಿಗಳಿಗಿಂತ ಕೆಳಗೆ, ಏಳು ಅಡಿ ಹೋಗಬೇಕು. ಪಾದ್ರಿಗಳು ಒಪ್ಪಿದರು. ಬೆಳಗ್ಗೆ ತೋಡುವುದು, ಮಧ್ಯಾಹ್ನ ಹೆಂಡತಿಯ ಪಕ್ಕ ಕೂರುವುದು. ಅರವತ್ತೆರಡರ ಮುದುಕ. ಹಳ್ಳದ ಕಡೆಯಿಂದ ಶುರು ಮಾಡಿ ಬೇಸಿಗೆ ಕಳೆದು ಎಲೆ ಉದುರುವ ಹೊತ್ತಿಗೆ ಅರವತ್ತು ಗಜ ಮುಗಿದಿತ್ತು. ಉಳಿದದ್ದು ಇಪ್ಪತ್ತು. ಆಳದ ಇಪ್ಪತ್ತು.

ನವೆಂಬರಿನ ಎರಡನೇ ಸೋಮವಾರ ಕೆಜಾಯಾ ಸತ್ತಳು. ಶುಕ್ರವಾರ ಹೂಳುವುದೆಂದು ಆಯಿತು. ಸೋಮವಾರ ಮಧ್ಯಾಹ್ನವೇ ಮಳೆ ಹಿಡಿಯಿತು.

ಬುಧವಾರ ನಾನು ಸಲಿಕೆ ಹಿಡಿದು ಹೋದೆ. ಜೊತೆಗೆ ನಾಲ್ವರು, ಸೈಡರ್ ಕಟ್ಟೆಯಲ್ಲಿ ಆಡಿಕೊಂಡವರೇ. ಈನಕ್ ಕಂದಕದೊಳಗೆ ತಲೆ ಮಾತ್ರ ಕಾಣುವಷ್ಟು ಆಳದಲ್ಲಿದ್ದ. ಮೈಯೆಲ್ಲ ಜೇಡಿ. ಗೋಡೆಗೆ ಇನ್ನೂ ಹನ್ನೆರಡು ಗಜ. ಮೇಲೆ ಎಸೆದ ಮಣ್ಣಿನ ಅರ್ಧ ಮಳೆಗೆ ಕರಗಿ ಮತ್ತೆ ಒಳಗೇ ಇಳಿಯುತ್ತಿತ್ತು.

ನಮಗಿಂತ ಮೊದಲೇ ಮಿಸೆಸ್ ಪಾಜೆಟ್ ಬಂದು ಕೊಡೆ ಹಿಡಿದು ನಿಂತಿದ್ದರು. ಬೂಟು ಕೆಸರಲ್ಲಿ ಹೂತಿತ್ತು.

"ಆಡ್ಲಿನ್, ಆ ಅರ್ಜಿ ನಿಮ್ಮ ಹೆಂಡತಿಗೋಸ್ಕರ ಅಂತ ನನಗೆ ಈಗಷ್ಟೆ ಗೊತ್ತಾಯ್ತು. ನಿಮ್ಮ ಹೆಂಡತಿನ ನೆಲಮಾಳಿಗೆಯಲ್ಲೇ ಇಡಿ. ನನ್ನ ಅಭ್ಯಂತರ ಏನೂ ಇಲ್ಲ. ಯಾವ ಕಾಗದಾನೂ ಬೇಡ, ನಾನೇ ಬಿಷಪ್ಪರಿಗೆ ಬರೀತೀನಿ."

ಈನಕ್ ಸಲಿಕೆಗೆ ಒರಗಿ ಉಸಿರು ತೆಗೆದುಕೊಂಡ. "ತಮ್ಮದು ದೊಡ್ಡ ಮನಸ್ಸು ಅಮ್ಮಾವ್ರೇ. ನನ್ನ ಮಗು ಈ ಗೋಡೆ ಆಚೆ ಇದೆ. ಅವಳಮ್ಮ ಅವಳ ಪಕ್ಕ ಮಲಗ್ತೀನಿ ಅಂತ ಹೇಳಿ ಹೋದ್ಲು. ಒಂದು ಸಲ ಅವಳ ಮಾತು ನಾನು ತಪ್ಪಾಗಿ ಕೇಳಿಸ್ಕೊಂಡೆ. ಎರಡನೇ ಸಲ ಆಗಲ್ಲ."

"ಹಾಗಾದ್ರೆ ಮಗುವನ್ನೂ..."

"ಅವಳನ್ನ ಎಬ್ಬಿಸ್ಬೇಡಿ ತಾಯಿ."

ಅವರು ಕೆಸರಿನಿಂದ ಬೂಟು ಕಿತ್ತುಕೊಂಡು ಹೊರಟುಹೋದರು. ನಾನು ಕೋಟು ಕಳಚಿ ಗೋಡೆಯ ಮೇಲೆ ಹಾಕಿದೆ, ಕಂದಕದ ಅಂಚಿಗೆ ಕೂತು ಕಾಲು ಇಳಿಬಿಟ್ಟೆ.

"ಸರಿ ಈನಕ್. ಐದು ಜನ ಇದೀವಿ. ನಾಡಿದ್ದು ಬೆಳಗ್ಗೆಯೊಳಗೆ ಮುಗಿಯುತ್ತೆ. ನೀನು ಮೇಲೆ ಬಂದು ದಾರಿ ತೋರಿಸು, ಸಾಕು. ಒಬ್ಬನೇ ಆದ್ರೆ ಆಗಲ್ಲ ಕಣೋ, ನಿನಗೂ ಗೊತ್ತು."

ಅವನು ತಲೆ ಎತ್ತಿದ. ಮುಖದ ಮೇಲಿನ ನೀರು ಒರೆಸಿಕೊಳ್ಳಲಿಲ್ಲ.

"ಗೊತ್ತು. ಶುಕ್ರವಾರಕ್ಕೆ ಆಗದಿದ್ರೆ ಆ ಆಡಮ್ ಮಾಡಿದ್ದನ್ನೇ ಮಾಡ್ತೀನಿ, ಗುಂಡಿಗೆ ಇಳಿದು ನಿಂತು ಹಿಡ್ಕೋತೀನಿ. ಕೋಲು ಹಾಕೋಕೆ ಬಿಡಲ್ಲ. ಆಮೇಲೂ ತೋಡ್ತೀನಿ. ನೀರು ಯಾವತ್ತು ಇಳಿಯುತ್ತೋ ಅವತ್ತಿನ ತನಕ. ಹನ್ನೊಂದು ವರ್ಷ ಕೆಜಾಯಾ ಮನೇಲಿ ಒಬ್ಬಳೇ ಕೂತಿದ್ಲು, ಕೊನೆಕೊನೆಗೆ ಕೆಮ್ತಾ, ನಾನು ಸತ್ತೋರ ಹೆಸರು ಎಣಿಸ್ತಾ ಇದ್ದೆ. ಅದಕ್ಕೆ ಯಾರಾದ್ರೂ ಪಾಲು ತಗೊಂಡ್ರಾ? ಇದಕ್ಕೂ ಬೇಡ. ಹೋಗಿ ಪೆಟ್ಟಿಗೆ ಮಾಡು ಜೆತ್ರೋ. ಭಾರದ ಹಲಗೆ ಹಾಕು. ಕಾಲು ಮೇಲಕ್ಕೆ ತಗೋ, ಬೆಳಕಿಗೆ ಅಡ್ಡ ಬರ್ತಿದೀಯ."